ಬಿಚ್ಚಮ್ಮನ ಸ್ವೆಟರ್

ನನ್ನ ವಾರಗಿತ್ತಿಗೆ ಬಿಚ್ಚಮ್ಮ ಎಂದು ಹೆಸರಿಟ್ಟವನು ಅವಳ ಗಂಡ, ಅಂದರೆ ನನ್ನ ಮೈದುನ. ಒಂದೇ ಮನೆಯಲ್ಲಿ ಅವರು ಮಹಡಿ ಮೇಲೆ, ನಾನು ಕೆಳಗೆ. ಮಧ್ಯಾಹ್ನವಾದರೆ ಅವಳು ಉಲ್ಲನ್ ಚೀಲ ಹಿಡಿದು ನನ್ನ ಕಿಟಕಿಯ ಹತ್ತಿರ ಬಂದು ಕೂರುತ್ತಾಳೆ. ಹೆಣೆಯುತ್ತಾಳೆ. ಆಮೇಲೆ ಕಣ್ಣು ಮುಚ್ಚಿ ಹೆಣೆದದ್ದರ ಮೇಲೆ ಬೆರಳಾಡಿಸುತ್ತಾಳೆ. ಎಲ್ಲೋ ಒಂದು ಕುಣಿಕೆ ಸಡಿಲವಾಗಿರುತ್ತದೆ. ಅಷ್ಟೇ, ಸರ್ರನೆ ಬುಡದವರೆಗೂ ಬಿಚ್ಚಿಬಿಡುತ್ತಾಳೆ.

"ತಪ್ಪಾದ ಸಾಲಿನವರೆಗೆ ಬಿಚ್ಚಿದ್ರೆ ಸಾಲದೇನೇ?" ಎಂದು ಕೇಳಿದರೆ, "ಒಂದು ಕಡೆ ಕೈ ಕೆಟ್ಟಿದೆ ಅಂದ್ರೆ ಉಳಿದಿದ್ದನ್ನ ಹೇಗೆ ನಂಬೋದು ಅಕ್ಕಾ?" ಎನ್ನುತ್ತಾಳೆ.

ಕುಣಿಯಲಾರದೆ ನೆಲ ಡೊಂಕು ಎಂದವರನ್ನು ಬೇಕಾದಷ್ಟು ಕಂಡಿದ್ದೇನೆ. ಇವಳೋ, ಚೆನ್ನಾಗಿ ಕುಣಿಯುತ್ತಲೇ ಕಾಲನ್ನು ಬಯ್ಯುವವಳು.

ಬಿಚ್ಚಿದ ನೂಲನ್ನು ಉಂಡೆ ಸುತ್ತಲು ಗಂಡನ ಕೈಗಳು ಬೇಕು. ಮೈದುನ ಪೇಪರು ಮಡಿಸಿಟ್ಟು, ನೂಲು ಹಾಕಿಸಿಕೊಳ್ಳಲು ಎರಡೂ ಕೈ ಚಾಚಿ ಕೂರುತ್ತಾನೆ. "ನೋಡಿ ಅತ್ತಿಗೆ, ಇವಳ ಸ್ವೆಟರ್ ಹಾಕ್ಕೊಳ್ಳೋ ಭಾಗ್ಯ ನನ್ನ ಮಣಿಕಟ್ಟಿಗೆ ಮಾತ್ರ" ಎಂದು ಗೊಣಗುತ್ತಾನೆ. ಗೊಣಗುತ್ತಾನೆಯೇ ಹೊರತು, ಉಂಡೆ ಮುಗಿಯುವ ಮೊದಲು ಕೈ ಇಳಿಸಿದ್ದನ್ನು ನಾನು ನೋಡಿಲ್ಲ.

ಹೀಗೆ ಹೆಣೆದು ಬಿಚ್ಚುತ್ತಿದ್ದ ಹಳದಿ ಉಲ್ಲನ್ ತಂದದ್ದು ಅವಳ ಮಗಳ ಮೊದಲ ಮಗುವಿಗೆಂದು. ಆ ಮಗು ಈಗ ಶಾಲೆಯಿಂದ ಬಂದು ಅಜ್ಜಿಗೆ ಫೋನಿನಲ್ಲಿ ಪಾಠ ಒಪ್ಪಿಸುತ್ತದೆ. ಎರಡನೆಯದು ಹುಟ್ಟಿದಾಗ ಅವಳು, "ಇವನಿಗಾದ್ರೂ ನನ್ನ ಕೈಯಿಂದ ಒಂದು ಸ್ವೆಟರ್ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಕಡ್ಡಿ, ಉಲ್ಲನ್ ಎಲ್ಲಾ ಯಾರಿಗಾದ್ರೂ ಕೊಟ್ಟುಬಿಡ್ತೀನಿ" ಎಂದಳು. ಹೇಳುವಾಗ ನಗುತ್ತಿದ್ದಳು. ಚೀಲದ ಹಿಡಿಯನ್ನು ಮಾತ್ರ ಬಿಗಿಯಾಗಿ ತಿರುಚುತ್ತಿದ್ದಳು.

ಮಗಳು ಭಾನುವಾರ ಬರುವವಳಿದ್ದಳು. ಅದಕ್ಕೆ ಒಂದು ವಾರ ಮುಂಚೆ, ಬೆನ್ನಿನ ಭಾಗವನ್ನು ಮತ್ತೆ ಬಿಚ್ಚುವಾಗ ನೂಲು ಪಟ್ಟೆಂದು ಹರಿಯಿತು. ಗಂಟು ಹಾಕಿದಳು. ಇನ್ನೊಂದು ಕಡೆ ಹರಿಯಿತು. ಉಲ್ಲನ್ ಅಂಗಡಿಯವಳನ್ನು ಕೇಳಿದರೆ, ಆ ಬಣ್ಣ ಈಗ ಬರುವುದೇ ಇಲ್ಲ ಎಂದಳು.

"ನೂಲಿಗೂ ಸಾಕಾಗಿದೆ ಕಣೇ" ಎಂದೆ. "ಇನ್ನೊಂದ್ಸಲ ಬಿಚ್ಚಿದ್ರೆ ದಿಂಬಿಗೆ ತುಂಬೋದಕ್ಕೆ ಲಾಯಕ್ಕಾಗುತ್ತೆ, ಅಷ್ಟೇ."

"ಮತ್ತೆ ತಪ್ಪಾದ್ರೆ?"

"ತಪ್ಪನ್ನ ಅಲ್ಲೇ ಬಿಟ್ಟು ಮುಂದಕ್ಕೆ ಹೋಗು."

"ಅದು ಅಲ್ಲೇ ಕೂತು ನನ್ನನ್ನೇ ನೋಡ್ತಿರುತ್ತಲ್ಲ ಅಕ್ಕಾ!"

"ನೋಡಿದ್ರೆ ನೋಡ್ಲಿ. ನಿನ್ನ ಗಂಡನೂ ಕೂತು ನೋಡ್ತಿರ್ತಾನೆ, ಸಂಸಾರ ಮಾಡ್ಲಿಲ್ವಾ?"

ಮುಂದಕ್ಕೆ ಹೋದಳು. ಎದೆಯ ಮೇಲಿನ ಬಿಳಿ ಬಾತುಕೋಳಿಗಳ ಸಾಲಿನಲ್ಲಿ ಲೆಕ್ಕ ತಪ್ಪಿ, ಕೊನೆಯದರ ಬಾಲಕ್ಕೆ ಜಾಗವೇ ಉಳಿಯಲಿಲ್ಲ. ಬಿಚ್ಚಲೆಂದು ಅವಳ ಕೈ ಕಡ್ಡಿ ಎಳೆಯಲು ಹೋಯಿತು. ಮೈದುನ ತಟ್ಟನೆ, "ಬಾಲ ನೀರಲ್ಲಿ ಮುಳುಗಿದೆ ಬಿಡೇ" ಎಂದ. ಅವಳು ಅವನನ್ನು ದುರುಗುಟ್ಟಿ ನೋಡಿ ಮುಂದಿನ ಸಾಲು ಹಿಡಿದಳು.

ಭಾನುವಾರ ಮಗಳು ಮಗುವಿಗೆ ಸ್ವೆಟರ್ ತೊಡಿಸಿ ಬೆನ್ನು ಸವರಿದಳು. ಮತ್ತೆ ಸವರಿದಳು. ಅಷ್ಟೂ ಸಲ ಬಿಚ್ಚಿದ್ದಕ್ಕೆ ನೂಲು ಸುರುಳಿ ಸುರುಳಿಯಾಗಿ, ಹೆಣಿಗೆಯ ತುಂಬ ಗುಂಗುರು ಎದ್ದಿತ್ತು.

"ಅಮ್ಮಾ, ಕುರಿಮರಿ ಮುಟ್ಟಿದ ಹಾಗಿದೆ! ಇದ್ಯಾವ ಹೆಣಿಗೆ?"

"ಅದು ಅಷ್ಟು ಸುಲಭಕ್ಕೆ ಬರೋದಲ್ಲಮ್ಮ" ಎಂದ ಮೈದುನ. "ಮೊದಲು ವರ್ಷಗಟ್ಟಲೆ ಬಿಚ್ಚಬೇಕು."

ದೊಡ್ಡವಳು ತಮ್ಮನ ಬೆನ್ನಿಗೆ ಕೆನ್ನೆ ಒತ್ತಿ, "ನಂಗೂ ಇಂಥದ್ದೇ ಬೇಕು, ಗುಂಗುರು ಗುಂಗುರು" ಎಂದು ಹಟ ಹಿಡಿದಳು. ನನ್ನ ವಾರಗಿತ್ತಿಯ ಕಣ್ಣು ಮಾತ್ರ ಬಾಲವಿಲ್ಲದ ಬಾತುಕೋಳಿಯ ಮೇಲೇ ನೆಟ್ಟಿತ್ತು. ಅಳಿಯ ಅದನ್ನು ಗಮನಿಸಿರಬೇಕು. ಮಗುವನ್ನೆತ್ತಿ, ಬಾತುಕೋಳಿಗಳು ತನ್ನ ಎದೆಗೆ ಒರಗುವಂತೆ ಹಿಡಿದುಕೊಂಡ.

ದೊಡ್ಡವಳಿಗೆಂದು ಕೆಂಪು ಉಲ್ಲನ್ ಬಂತು. ಹೊಸದು, ನುಣುಪು. ಗುಂಗುರು ಬರಬೇಕಾದರೆ ಒಮ್ಮೆ ಹೆಣೆದು ಬಿಚ್ಚಲೇಬೇಕು. "ಹೇಗಿದ್ರೂ ಬಿಚ್ಚೋದೇ ತಾನೆ" ಎಂದು ಅವಳು ಬೆರಳಾಡಿಸಿ ನೋಡುವುದನ್ನೂ ಬಿಟ್ಟಳು. ನನ್ನ ಮುಖ ನೋಡಿಕೊಂಡು, ಪಕ್ಕದ ಮನೆಯ ಸುದ್ದಿ ಹೇಳಿಕೊಂಡು ನಗುನಗುತ್ತ ಕಡ್ಡಿ ಆಡಿಸಿದಳು. ನೋಡನೋಡುತ್ತ ಇಡೀ ಸ್ವೆಟರ್ ಮುಗಿದೇ ಹೋಯಿತು.

ಮೊನ್ನೆ ಮೊಮ್ಮಗಳು ಫೋನ್ ಮಾಡಿ, "ಅಜ್ಜೀ, ಬಿಚ್ಚಿದ್ಯಾ?" ಎಂದು ಕೇಳಿದಳು. ಇವಳು "ನಾಳೆ" ಎಂದಳು. ನಿನ್ನೆಯೂ "ನಾಳೆ" ಎಂದಳು. ಇವತ್ತು ಸ್ವೆಟರನ್ನು ನನ್ನ ಮಂಚದ ಮೇಲೆ ಹರಡಿಕೊಂಡು, ಸವರುತ್ತ ಕೂತಿದ್ದಳು. ಎಡ ತೋಳು ಬಲಕ್ಕಿಂತ ಒಂದು ಬೆರಳು ಉದ್ದವಿತ್ತು. ಬಿಚ್ಚಲು ಅವಳಿಗೊಂದು ನೆಪವಾಗಲಿ ಎಂದು ನಾನೇ ಬೊಟ್ಟು ಮಾಡಿ ತೋರಿಸಿದೆ.

"ಎಲ್ಲಿ?" ಎಂದು ಅವಳು ನನ್ನ ಮೇಲೇ ತಿರುಗಿಬಿದ್ದಳು. "ಸರಿಯಾಗೇ ಇದೆ! ಮೊದಲು ನಿಮ್ಮ ಕನ್ನಡಕ ಒರೆಸ್ಕೊಳ್ಳಿ ಅಕ್ಕಾ."