ಜಿರಲೆ ಇಲ್ಲದ ಗುಂಡಿ

“ಮುಚ್ಚಳ ಎತ್ತಕ್ಕೆ ಮುಹೂರ್ತ ನೋಡ್ತಿದೀಯೇನಲೇ ಬೋಳಿಮಗನೆ? ಮೇಡಂ ಬಿಸಿಲಲ್ಲಿ ನಿಂತಿರದು ಕಾಣಲ್ವಾ?”

ಸೂಪರ್‌ವೈಸರ್ ಯೋಗರಾಜನ ಬೈಗುಳ ಬೆಳ್ಳಪ್ಪನಿಗೆ ಹೊಸದಲ್ಲ. ಅವನು ಹಾರೆಯಿಂದ ಕಬ್ಬಿಣದ ಮುಚ್ಚಳಕ್ಕೆ ಮೂರು ಪೆಟ್ಟು ಕೊಟ್ಟ, ಮೀಟಿ ಸರಿಸಿದ, ಕುಕ್ಕರಗಾಲಲ್ಲಿ ಕೂತು ಕಾದ. ಸಾಗರ ಪೇಟೆಯ ಒಳಚರಂಡಿಗೆ ಇಳಿಯುವವರ ಪದ್ಧತಿ ಅದು. ಸದ್ದಿಗೆ ಬೆದರಿ ಜಿರಲೆಗಳು ಮೇಲೆ ಬಂದರೆ ಒಳಗೆ ಉಸಿರಿದೆ ಎಂದು ಅರ್ಥ. ಬಾರದಿದ್ದರೆ ಇಳಿಯಬಾರದು.

ಒಂದೂ ಬರಲಿಲ್ಲ. ಕಬ್ಬಿಣಕ್ಕೆ ನಿಕ್ಕಲ್ ಲೇಪ ಹಾಕುವ ಕಾರ್ಖಾನೆಯ ಬೆನ್ನಿಗಿರುವ ಈ ಗುಂಡಿಯಲ್ಲಿ ಎರಡು ವರ್ಷದಿಂದ ಜಿರಲೆ ಕಂಡವರೇ ಇಲ್ಲ.

ಕಾರ್ಖಾನೆ ಚರಂಡಿಗೆ ಬಿಡುವ ನೀರನ್ನು ಪರೀಕ್ಷಿಸಲು ಬಂದಿದ್ದ ಸುಚಿತ್ರಾ ಮೇಡಂ ಮೂಗಿಗೆ ಕರ್ಚೀಫು ಒತ್ತಿ ಬಗ್ಗಿದರು. “ಪರವಾಗಿಲ್ವೇ! ಒಂದು ಜಿರಲೆನೂ ಇಲ್ಲ. ಇಷ್ಟು ಕ್ಲೀನ್ ಚೇಂಬರ್ ನಾನು ನೋಡೇ ಇಲ್ಲ.”

“ಕ್ಲೀನಲ್ಲ ಅಮ್ಮಾ, ಸತ್ತಿದಾವೆ. ನಮ್ ಜಟ್ಟಿಂಗಪ್ಪನೂ ಇಲ್ಲೇ ಸತ್ತಿದ್ದು.”

“ಅವನು ಕುಡಿದು ಇಳಿದಿದ್ದನಂತಲ್ಲಪ್ಪ. ಫೈಲಲ್ಲಿದೆ.”

ಅಷ್ಟು ಹೊತ್ತೂ ಬೇಲಿ ಪಕ್ಕ ನಿಂತಿದ್ದ ಕೆರಿಯಮ್ಮ ಮುಂದೆ ಬಂದಳು. ಬೆಳ್ಳಪ್ಪನ ತಂಗಿ, ಜಟ್ಟಿಂಗಪ್ಪನ ಹೆಂಡತಿ. ಸೆರಗಿನ ಗಂಟು ಬಿಚ್ಚಿ ಅಯ್ಯಪ್ಪನ ಮಾಲೆ ಹಿಡಿದಳು. “ಮಾಲೆ ಹಾಕಿದ್ರು ಕಣಮ್ಮಾ. ಮೂವತ್ತನೇ ದಿನ. ಬೀಡಿ ಸೈತ ಮುಟ್ಟಿರ್ಲಿಲ್ಲ, ಸಾರಾಯಿ ಕುಡೀತಾರಾ? ಅದೊಂದು ಮಾತು ಅಳಿಸ್ಕೊಡಿ. ಬೇರೇನೂ ಬ್ಯಾಡ ನಂಗೆ.”

“ದೂರ ನಿಲ್ಲಮ್ಮ. ನೀರು ಏನು ಹೇಳುತ್ತೋ ಅದನ್ನ ಬರೀತೀನಿ.”

ಜಟ್ಟಿಂಗಪ್ಪ ಸತ್ತ ದಿನ ಹಗ್ಗ ಹಿಡಿದವನು ಬೆಳ್ಳಪ್ಪನೇ. ಜಿರಲೆ ಬರಲಿಲ್ಲ ಎಂದು ಇಬ್ಬರೂ ಹಿಂದೆ ಸರಿದಿದ್ದರು. ಇಳಿಯದಿದ್ದರೆ ನಾಳೆಯಿಂದ ಕೆಲಸವಿಲ್ಲ ಎಂದಿದ್ದ ಯೋಗರಾಜ. ಜಟ್ಟಿಂಗಪ್ಪ ಸ್ವಾಮಿ ಶರಣಂ ಎಂದು ಇಳಿದ. ಕೆಳಗಿನಿಂದ “ಭಾವಾ... ಭಾವಾ...” ಎಂದು ಎರಡು ಸಲ ಕೇಳಿತು. ಮೂರನೆಯದು ಕೇಳಲಿಲ್ಲ.

ಮೇಡಂ ನೀರಿಗೆ, ಆಮ್ಲವಿದ್ದರೆ ಬಣ್ಣ ತಿರುಗುವ ಕಾಗದದ ಪಟ್ಟಿ ಅದ್ದಿಸಿದರು. ಅದರ ಬಣ್ಣ ಬದಲಾಗಲಿಲ್ಲ.

“ತಡೀರಿ ಅಮ್ಮಾ, ಕಣ್ಣಾರೆ ತೋರಿಸ್ತೀನಿ,” ಎಂದ ಬೆಳ್ಳಪ್ಪ. ಬಸ್‌ಸ್ಟ್ಯಾಂಡ್ ಹಿಂದಿನ ಗುಂಡಿಯಲ್ಲಿ ಹಿಡಿದ ಜಿರಲೆಯನ್ನು ತೂತು ಹೊಡೆದ ಡಬ್ಬಿಯಲ್ಲಿ ತಂದಿದ್ದ. ಹಗ್ಗ ಕಟ್ಟಿ ಇಳಿಬಿಟ್ಟ. ನೂರು ಎಣಿಸಿದ. ಎಳೆದು ಮುಚ್ಚಳ ತೆಗೆದ.

ಜಿರಲೆ ಮೀಸೆ ಆಡಿಸಿತು. ಡಬ್ಬಿಯ ಅಂಚು ಹತ್ತಿ ಅವನ ಕೈಮೇಲೆ ಹರಿಯಿತು.

ಯೋಗರಾಜ ಹೊಟ್ಟೆ ಹಿಡಿದು ನಕ್ಕ. “ನಿನ್ ಸಾಕ್ಷೀನೇ ನಿನ್ ಕೈಮೇಲೆ ಕುಣೀತಲ್ಲೋ!” ಮೇಡಂ ಕೂಡ ನಗು ತಡೆಯಲಾಗದೆ ಮುಖ ತಿರುಗಿಸಿದರು.

ಆಗ ಹೊಳೆಯಿತು ಬೆಳ್ಳಪ್ಪನಿಗೆ. ಕಾರ್ಖಾನೆಯ ಕೊಳವೆಯಿಂದ ಗುಂಡಿಗೆ ಬೀಳುತ್ತಿದ್ದುದು ತಣ್ಣನೆಯ ನಲ್ಲಿ ನೀರು. ಮೇಡಂ ಬರುವ ಸುದ್ದಿ ಕಾರ್ಖಾನೆಗೆ ಮೊದಲೇ ಮುಟ್ಟಿತ್ತು.

“ನೀನೇ ಹೇಳಿದೀಯ ಅವ್ರಿಗೆ, ಹಲ್ಕಾ!”

“ಬಾಯಿ ಬಿಗಿ ಹಿಡಿಯಲೇ,” ಎಂದ ಯೋಗರಾಜ, ನಗುತ್ತಲೇ.

“ಸಂಜೆ ತನಕ ಇರಿ ಅಮ್ಮಾ. ನಿಜವಾದ ನೀರು ಬರ್ತದೆ.”

“ನಂಗೆ ಹೊಸನಗರದಲ್ಲಿ ಮೀಟಿಂಗ್ ಇದೆ,” ಎಂದು ಮೇಡಂ ಆ ನೀರು ತುಂಬಿದ ಸೀಸೆಗೆ ಅರಗಿನ ಮುದ್ರೆ ಹಾಕಿಸಿ ಜೀಪು ಹತ್ತಿದರು. ಯೋಗರಾಜನೂ ಹಿಂದೆಯೇ ಹತ್ತಿದ.

ಅಣ್ಣತಂಗಿ ಗುಂಡಿಯ ಬಾಯಲ್ಲೇ ಕೂತರು. ಐದು ಗಂಟೆಗೆ ಕೊಳವೆ ಗೊರಗುಟ್ಟಿತು. ಬಿಸಿ ಬಿಸಿ ಹಸಿರು ನೀರು ಧುಮುಕಿ, ಹಬೆ ಕಣ್ಣಿಗೆ ಮೆಣಸಿನಪುಡಿಯಂತೆ ಹೊಡೆಯಿತು. ಬೆಳ್ಳಪ್ಪ ಹಿಡಿದಿಟ್ಟಿದ್ದ ಜಿರಲೆಯನ್ನು ಡಬ್ಬಿಯಲ್ಲಿ ಮತ್ತೆ ಇಳಿಸಿದ. ನೂರು ಎಣಿಸಿ ಎಳೆದ.

ಕಾಲು ಮೇಲಾಗಿ ಬಿದ್ದಿತ್ತು.

“ಯಾರಿಗೆ ತೋರ್ಸದು ಅಣ್ಣಾ ಇದನ್ನ?” ಎಂದಳು ಕೆರಿಯಮ್ಮ.

ಬೆಳ್ಳಪ್ಪನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಯೋಗರಾಜ. “ನಾಳೆ ಏಳಕ್ಕೆ ನೀನೇ ಇಳೀಬೇಕು. ಕೆಳಗೆ ಕೆಸರು ಕಟ್ಟಿದೆ. ಮೇಡಂ ಏನೂ ತೊಂದ್ರೆ ಇಲ್ಲ ಅಂತ ಬರ್ದಿದಾರೆ, ಇನ್ನು ನಾಟಕ ನಡೆಯಲ್ಲ. ಕೇಳ್ತಾ?”

ಬೆಳ್ಳಪ್ಪ ಸತ್ತ ಜಿರಲೆಯ ಪಕ್ಕದಲ್ಲೇ, ಮಾತಾಡುತ್ತಿದ್ದ ಫೋನನ್ನು ಹಾಗೇ ಇಟ್ಟ. ಡಬ್ಬಿ ಮುಚ್ಚಿ ಹಗ್ಗ ಬಿಟ್ಟ.

“ಹಲೋ...” ಎಂದಿತು ಯೋಗರಾಜನ ದನಿ, ಹಬೆಯೊಳಗೆ ಇಳಿಯುತ್ತಾ. “ಹಲೋ...”

ಬೆಳ್ಳಪ್ಪ ಇನ್ನಷ್ಟು ಹಗ್ಗ ಬಿಟ್ಟ. ಮೂರನೆಯದು ಕೇಳಲಿಲ್ಲ.