ಕೈಪಟ್ಟಿ ಹಸಿರಾಗಿಯೇ ಇತ್ತು

“ನಾಚಿಕೆ ಆಗಲ್ವೇನ್ರಿ ನಿಮಗೆ? ಮೊನ್ನೆ ತಾನೇ ನೆಲಕ್ಕೆ ಬಿದ್ದವನನ್ನ ಇವತ್ತು ಮತ್ತೆ ಭಟ್ಟಿ ಮುಂದೆ ನಿಲ್ಲಿಸ್ತೀರಾ?”

“ಮೆಲ್ಲಗೆ ಮಾತಾಡೇ. ಆಚೆ ಕಂಪನಿಯವರು ಕೂತಿದ್ದಾರೆ.”

“ಕೂತಿರ್ಲಿ! ಅವರ ಕಿವಿಗೂ ಬೀಳ್ಲಿ ಅಂತಾನೇ ಕೂಗ್ತಿರೋದು!”

ಹಿಟ್ಟಿನ ಕೋಣೆಯ ಬಾಗಿಲಲ್ಲಿ ನಿಂತು ಗಂಡನ ಮೇಲೆ ಕೂಗುತ್ತಿದ್ದವಳು ಬೇಕರಿ ಯಜಮಾನನ ಹೆಂಡತಿ. ಮೊಳಕೈವರೆಗೆ ಮೈದಾ ಮೆತ್ತಿತ್ತು. ಬಿದ್ದವನು ಅವಳ ಒಡಹುಟ್ಟಿದ ತಮ್ಮ, ಭಟ್ಟಿ ಕೆಲಸದವನು. ಅವನು ಅಕ್ಕನ ಹಿಂದೆಯೇ ಮೈದಾ ಮೂಟೆಗೆ ಒರಗಿಕೊಂಡು, ಜಗಳ ಇನ್ಯಾರದೋ ಎಂಬಂತೆ ಉಗುರು ಕಚ್ಚುತ್ತಿದ್ದ.

ಬಿಸಿಲಿನ ಸುದ್ದಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಅವಳು ಮದುವೆಯಾಗಿ ಬಂದ ಕಾಲಕ್ಕೆ ಬೇಸಿಗೆ ಅಂತ ಒಂದಿತ್ತು. ಬರುತ್ತಿತ್ತು, ಹೋಗುತ್ತಿತ್ತು. ಈಗಿನದು ಮನೆ ಅಳಿಯನ ಹಾಗೆ ಬಂದು ಕೂತುಬಿಟ್ಟಿದೆ, ಏಳುವ ಮಾತೇ ಇಲ್ಲ. ನಾದಿಟ್ಟ ಹಿಟ್ಟು ಬೆನ್ನು ತಿರುಗಿಸುವಷ್ಟರಲ್ಲಿ ಉಕ್ಕಿ ಹುಳಿಯಾಗತೊಡಗಿದಾಗ ಯಜಮಾನ ಹಿಟ್ಟಿನ ಕೋಣೆಗೆ ಎಸಿ ಹಾಕಿಸಿದ. ಹಿಟ್ಟು ಕೆಟ್ಟರೆ ನಷ್ಟ. ಭಟ್ಟಿ ಮುಂದೆ ನಿಲ್ಲುವವನು ಮನುಷ್ಯ ತಾನೆ, ಅವನೇನು ಹುಳಿಯಾಗುತ್ತಾನೆಯೇ!

ಆಮೇಲೆ ವಕ್ಕರಿಸಿದವನು ಕೈಪಟ್ಟಿ ಮಾಡುವ ಕಂಪನಿಯ ಮಹಾಶಯ. ಇಸ್ತ್ರಿ ಮುರಿಯದ ಅಂಗಿ, ಬಾಯಿ ತೆರೆದರೆ ಮನುಕುಲದ ಭವಿಷ್ಯ. ಗಡಿಯಾರದಂಥ ಪಟ್ಟಿಗಳನ್ನು ತಂದು ಕೆಲಸದವರ ಮಣಿಕಟ್ಟಿಗೆ ಕಟ್ಟಿಸಿದ. ಮೈಕಾವು ಹದದಲ್ಲಿದ್ದರೆ ಹಸಿರು ದೀಪ, ಮೀರಿದರೆ ಕೆಂಪು. ಕೆಂಪಾದವನನ್ನು ಕೂಡಲೇ ತಣ್ಣನೆ ಜಾಗದಲ್ಲಿ ಕೂರಿಸಬೇಕು. ದಿನ ಕಳೆದಂತೆ ಮೈ ಕಾವಿಗೆ ಒಗ್ಗಿ ಕೆಂಪು ಕಮ್ಮಿಯಾಗುತ್ತದಂತೆ. “ಭೂಮಿ ಕಾಯೋದನ್ನ ಇನ್ನು ತಡೆಯೋಕಾಗಲ್ಲ. ಮನುಷ್ಯನನ್ನೇ ಅದಕ್ಕೆ ಹೊಂದಿಸಿಬಿಡ್ತೀವಿ,” ಎಂದು ಹೇಳಿ, ಎರಡು ಬನ್ನು ತಿಂದು ಹೋದ. ದೇವರಿಗೆ ರಜೆ ಕೊಟ್ಟು ಆ ಕುರ್ಚಿಯಲ್ಲಿ ತಾನು ಕೂತವನ ಗತ್ತು.

ಪಟ್ಟಿಯನ್ನು ಬೈಯುವಂತಿರಲಿಲ್ಲ. ಮೊದಲ ದಿನವೇ ಅದು ನಿಜ ಹೇಳಿತು: ಎಲ್ಲರ ಕೈಯಲ್ಲೂ ಕೆಂಪು. ಬ್ರೆಡ್ಡು ಅರ್ಧಕ್ಕೆ ನಿಂತಿತು. ಮಾರನೆಯ ದಿನ ಯಜಮಾನ ಭಟ್ಟಿಯ ಪಕ್ಕದಲ್ಲಿ ಐಸು ಹಾಕಿದ ಬಕೆಟ್ಟು ಇಡಿಸಿದ. ಕೆಂಪಾದ ಕೂಡಲೇ ಮಣಿಕಟ್ಟನ್ನು ಅದರಲ್ಲಿ ಅದ್ದುವುದು, ಪಟ್ಟಿ ಹಸಿರಾದ ಮೇಲೆ ಮತ್ತೆ ಟ್ರೇ ಎಳೆಯುವುದು. ಮೈಯೆಲ್ಲ ಬೇಯುತ್ತಿದ್ದರೂ ಮಣಿಕಟ್ಟು ಮಾತ್ರ ತಣ್ಣಗೆ. ಈ ವಿದ್ಯೆಯಲ್ಲಿ ಎಲ್ಲರಿಗಿಂತ ಪಳಗಿದವನು ತಮ್ಮನೇ. ಕೆಂಪಾಗುವ ಮೊದಲೇ ಕೈ ಅದ್ದಿ, “ನಂದು ನೋಡ್ರೋ, ಇವತ್ತು ಒಂದು ಸಲಾನೂ ಕೆಂಪಾಗಿಲ್ಲ,” ಎಂದು ಮೀಸೆ ತಿರುವುತ್ತಿದ್ದ.

ಅತ್ತ ಕಂಪನಿಯ ಕಂಪ್ಯೂಟರ್ ಪರದೆಯ ಮೇಲೆ ಈ ಬೇಕರಿ ಹುಲ್ಲುಗಾವಲಿನಷ್ಟು ಹಸಿರು. ಇಲ್ಲಿಯವರ ದೇಹ ಉಳಿದವರಿಗಿಂತ ಬೇಗ ಶಾಖಕ್ಕೆ ಒಗ್ಗಿದೆ, ಹೊಸ ಮನುಷ್ಯ ಹುಟ್ಟುತ್ತಿದ್ದಾನೆ ಎಂದು ಮಹಾಶಯ ಎಲ್ಲೆಲ್ಲೋ ಭಾಷಣ ಮಾಡಿದ್ದೂ ಆಯಿತು.

ಆ ಹೊಸ ಮನುಷ್ಯ ಮೊನ್ನೆ ಟ್ರೇ ಸಮೇತ ದೊಪ್ಪೆಂದು ಬಿದ್ದ. ಸದ್ದು ಕೇಳಿ ಅವಳು ಓಡಿ ಬಂದಾಗ ಗಂಡ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಹಣೆ ಮುಟ್ಟಲಿಲ್ಲ, ಉಸಿರು ನೋಡಲಿಲ್ಲ. ಮಣಿಕಟ್ಟು ತಿರುಗಿಸಿ ನೋಡಿದ.

“ಹಸಿರೇ ಇದೆ. ನಾಟಕ ಆಡ್ತಾನೆ.”

ಗಂಡನನ್ನು ಪಕ್ಕಕ್ಕೆ ನೂಕಿ, ತಮ್ಮನ ಕಂಕುಳಿಗೆ ಕೈ ಹಾಕಿ ಹಿಟ್ಟಿನ ಕೋಣೆಗೆ ಎಳೆದುಕೊಂಡು ಹೋದವಳು ಅವಳೇ. ನೀರು ಸುರಿದಳು, ಬೀಸಿದಳು. ಅವನ ಬಾಯಿಂದ ಬಂದದ್ದೆಲ್ಲ ತೊದಲು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು: “ಸದ್ಯ ಇವನು ಬೆಂಕಿ ಹತ್ತಿರ ಸುಳೀಬಾರದು. ಇನ್ನೊಂದು ಸಲ ಹೀಗೆ ಬಿದ್ರೆ ಎಬ್ಬಿಸೋದು ಕಷ್ಟ.”

ಇವತ್ತು ನೋಡಿದರೆ ಕಂಪನಿಯವರು ಕ್ಯಾಮೆರಾ ಹೊತ್ತು ಬಂದಿದ್ದಾರೆ. ಶಾಖವನ್ನು ಗೆದ್ದ ಮನುಷ್ಯ ಒಂದು ಪಾಳಿ ಪೂರ್ತಿ ಕೆಲಸ ಮಾಡುವುದನ್ನು ಚಿತ್ರ ತೆಗೆಯಬೇಕಂತೆ.

ಕೂಗಾಟ ಕೇಳಿ ಮಹಾಶಯನೇ ಒಳಗೆ ಬಂದ. ತಣ್ಣನೆ ಗಾಳಿ ಬಡಿದದ್ದೇ ತಡ, ಹಿತವಾಗಿ ಕಣ್ಣು ಮುಚ್ಚಿ ತೆರೆದ.

“ಅಮ್ಮಾ, ಗಾಬರಿ ಬೇಡ. ನಿಮ್ಮ ತಮ್ಮ ಅಪರೂಪದ ಮನುಷ್ಯ. ಮೊನ್ನೆ ಬಿದ್ದಾಗಲೂ ಅವರ ಪಟ್ಟಿ ಹಸಿರೇ ಇತ್ತು. ಹೊಟ್ಟೆಗೇನೋ ಸರಿ ಇರಲಿಲ್ಲ ಅನ್ಸುತ್ತೆ.”

“ಅಯ್ಯೋ ನಿನ್ನ ಬುದ್ಧಿಗಿಷ್ಟು! ಅದನ್ನ ಐಸು ನೀರಲ್ಲಿ ಅದ್ದುತ್ತಾರೆ ಕಣಯ್ಯಾ! ದಿನಾ ಅದ್ದುತ್ತಾರೆ, ಎಲ್ರೂ ಅದ್ದುತ್ತಾರೆ. ಬಕೆಟ್ಟು ಇಡಿಸಿದೋರು ಇಗೋ, ಇಲ್ಲೇ ನಿಂತಿದ್ದಾರೆ, ಕೇಳು!”

ಯಜಮಾನ ಬಿಳಿಚಿಕೊಂಡ. ಇನ್ನೇನು ಈ ಮನುಷ್ಯ ಸಿಡಿಯುತ್ತಾನೆ, ಪಟ್ಟಿಗಳನ್ನು ಕಿತ್ತುಕೊಂಡು ಹೊರಡುತ್ತಾನೆ, ತಮ್ಮ ಉಳಿಯುತ್ತಾನೆ ಎಂದುಕೊಂಡಳು ಅವಳು. ಮಹಾಶಯ ಗಲ್ಲ ಕೆರೆದುಕೊಂಡ. ಯಜಮಾನನ ಮುಖ ನೋಡಿದ. ಆಮೇಲೆ ನಕ್ಕ.

“ಅದೂ ಒಂಥರಾ ಹೊಂದಾಣಿಕೆಯೇ ಅಲ್ವಾ ಅಮ್ಮಾ? ಚಿತ್ರದಲ್ಲಿ ಬಕೆಟ್ಟು ಕಾಣದ ಹಾಗೆ ನೋಡ್ಕೊಂಡ್ರೆ ಆಯ್ತು.”

“ಅದೇ ನಾನೂ ಹೇಳ್ತಿರೋದು,” ಎಂದು ಯಜಮಾನನೂ ಹಲ್ಲು ಕಿರಿದ. ಹೋದ ಜೀವ ಬಂದಿತ್ತು.

ಅವಳಿಗೆ ಇಬ್ಬರ ಮುಖಕ್ಕೂ ಉಗಿಯಬೇಕೆನಿಸಿತು. ಎಂಜಲು ದಂಡ ಎಂದು ತಮ್ಮನ ಕಡೆ ತಿರುಗಿದಳು.

“ನೀನೇ ಬಾಯಿ ಬಿಡೋ. ಡಾಕ್ಟ್ರು ಅಂದಿದ್ದನ್ನ ನಿಂಗೂ ಹೇಳಿದೀನಲ್ಲ? ನಡಿ, ನನ್ನ ಜೊತೆ ಹೊರಡು. ಇಬ್ರೂ ಎಲ್ಲಾದ್ರೂ ದುಡ್ಕೊಂಡು ತಿನ್ನೋಣ.”

ಅವನು ಉಗುರು ಬಿಟ್ಟ. ಅಂಗಿ ಎಳೆದು ಸರಿ ಮಾಡಿಕೊಂಡ. ಆಗ ನೋಡಿದಳು, ಎಣ್ಣೆ ಹಚ್ಚಿ ನೀಟಾಗಿ ಬೈತಲೆ ತೆಗೆದಿದ್ದ.

“ಬಿಡಕ್ಕಾ, ಭಾವ ಇಷ್ಟೊಂದು ಹೇಳ್ತಿದ್ದಾರೆ. ನನಗೇನೂ ಆಗಲ್ಲ. ನಂದು ಬೇರೆ ಥರದ ಮೈಯಂತೆ.”

“ಏನಂದೆ?”

“ಇವರೇ ಹೇಳಿದ್ರಲ್ಲ, ಕಂಪ್ಯೂಟರ್‌ನಲ್ಲೇ ಬಂದಿದೆಯಂತೆ. ಮೊದಲ್ನೇ ದಿನ ಬಿಟ್ರೆ, ಇಷ್ಟು ಜನದಲ್ಲಿ ನಂದೊಂದೇ ಯಾವತ್ತೂ ಕೆಂಪಾಗಿಲ್ಲ.”

“ನೀನೇ ಅದ್ದುತ್ತಿದ್ದೆಯಲ್ಲೋ ಮುಠ್ಠಾಳ!”

“ಎಲ್ರೂ ಅದ್ದುತ್ತಿದ್ರು ಅಕ್ಕಾ. ಅವರದು ಕೆಂಪಾಗ್ತಿತ್ತು, ನಂದು ಆಗ್ಲಿಲ್ಲ.”

ಹೀಗೆಂದವನ ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು. ಗಂಡನ ಜೊತೆ ಗುದ್ದಾಡಬಹುದಿತ್ತು, ಕಂಪನಿಯವನ ಕೊರಳಪಟ್ಟಿ ಹಿಡಿಯಬಹುದಿತ್ತು. ತಾನೇ ಕಟ್ಟಿದ ಸುಳ್ಳನ್ನು ತಾನೇ ನಂಬಿ, ಬೈತಲೆ ತೆಗೆದುಕೊಂಡು ಬೆಂಕಿಗೆ ಹೊರಟವನನ್ನು ಏನು ಮಾಡುವುದು? ಅವಳು ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸಿದಳು. ಸೊಂಟಕ್ಕೆ ಕಟ್ಟಿದ್ದ ಏಪ್ರನ್ ಬಿಚ್ಚಿ ತೊಟ್ಟಿಯೊಳಗಿನ ಹಿಟ್ಟಿನ ಮೇಲೆಯೇ ಎಸೆದಳು.

“ಪ್ರತಿ ಸಲಾನೂ ಎಳ್ಕೊಂಡು ಬರೋಕೆ ನಾನಿರಲ್ಲ. ನಿಂಗೆ ಬೇರೆ ಮೈ ಇರಬಹುದು, ನೀನು ಬೀಳೋದನ್ನ ನೋಡೋಕೆ ನಂಗೆ ಬೇರೆ ಕಣ್ಣಿಲ್ಲ.”

“ಲೇ, ಹಿಟ್ಟು ಯಾರೇ ನಾದೋರು?” ಎಂದು ಗಂಡ ಅರಚಿದ.

“ಹೊಸ ಮನುಷ್ಯ ಇದ್ದಾನಲ್ಲ, ಅವನನ್ನೇ ಹಚ್ಚಿ!”

ಬಾಗಿಲು ದಾಟಿದಾಗ ಬೀದಿಯ ಕಾವು ಕುದಿನೀರಲ್ಲಿ ಅದ್ದಿದ ಬಟ್ಟೆಯಂತೆ ಮುಖಕ್ಕೆ ಅಂಟಿತು. ಡಾಂಬರು ಮೆತ್ತಗಾಗಿ ಚಪ್ಪಲಿ ಹಿಡಿದೆಳೆಯುತ್ತಿತ್ತು. ಒಳಗಿನಿಂದ ಗಂಡನ ದನಿ ಕೇಳಿಸಿತು: “ನೀವು ಶುರು ಮಾಡಿ ಸಾರ್. ಎಲ್ಲಿಗೆ ಹೋಗ್ತಾಳೆ? ಸಂಜೆಗೆ ಬಾಲ ಮುದುರ್ಕೊಂಡು ಬರ್ತಾಳೆ.”

ಯಾರೋ ನಕ್ಕರು. ತಮ್ಮನೂ ನಕ್ಕನೇನೋ. ಅವಳು ಚಪ್ಪಲಿ ಕಿತ್ತುಕೊಂಡು ಕಿತ್ತುಕೊಂಡು ನಡೆದಳು, ಬಸ್ಸು ನಿಲ್ಲುವ ಮೂಲೆಯವರೆಗೂ ತಿರುಗಿ ನೋಡಲಿಲ್ಲ.

ಸಂಜೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ.