ಬಾಣದಮ್ಮನ ರೋಗಿಗಳು

ಕಂಪ್ಯೂಟರ್ ಪರದೆಯ ಚಿತ್ರವನ್ನು ಸೆರೆಹಿಡಿಯುವ ಮೊದಲು ಆಕೆ ತಪ್ಪದೆ ಪರದೆಯನ್ನು ಒರೆಸುತ್ತಿದ್ದರು. ಗಾಜಿನ ಮೇಲಿನ ಧೂಳಾಗಲಿ ಬೆರಳಿನ ಗುರುತಾಗಲಿ ಸ್ಕ್ರೀನ್‌ಶಾಟ್‌ನಲ್ಲಿ ಬೀಳುವುದಿಲ್ಲವೆಂಬುದು ಆಕೆಗೆ ತಿಳಿಯದ್ದೇನಲ್ಲ. ಆದರೂ ಜೋತುಬಿದ್ದ ಜೇಬಿನ ತಮ್ಮ ಕಂದು ಕೋಟಿನ ತೋಳನ್ನು ಅಂಗೈವರೆಗೆ ಎಳೆದುಕೊಂಡು, ಮೂಲೆಯಿಂದ ಮೂಲೆಗೆ ಒರೆಸಿ, ಹೆಜ್ಜೆ ಹಿಂದೆ ಸರಿದು, ಕತ್ತು ಓರೆಮಾಡಿ ನೋಡಿದ ಮೇಲೆಯೇ ಕೀಲಿಮಣೆಯತ್ತ ಕೈ ಹೋಗುತ್ತಿತ್ತು. ಏಕೆಂದು ನಾನೊಮ್ಮೆ ಕೇಳಿದ್ದಕ್ಕೆ, “ಮನೆಗೆ ಯಾರೋ ಬರ್ತಾರೆ ಅಂದ್ರೆ ಹೊಸ್ತಿಲು ಒರೆಸ್ತೀವಲ್ಲ, ಹಾಗೆ” ಎಂದರು.

ಆಸ್ಪತ್ರೆಗಳಿಗೆ ತಂತ್ರಾಂಶ ಮಾಡಿಕೊಡುವ ಸಂಸ್ಥೆ ನಮ್ಮದು. ಅದನ್ನು ಬಳಸುವ ಬಗೆಯನ್ನು ವಿವರಿಸುವ ಕೈಪಿಡಿಗೆ ಮಾತು ನನ್ನದು, ಚಿತ್ರ ಆಕೆಯದು. ಎಲ್ಲಿ ಒತ್ತಬೇಕೆಂದು ತೋರಿಸುವ ಕೆಂಪು ಬಾಣಗಳಿಂದಾಗಿ ‘ಬಾಣದಮ್ಮ’ ಎಂಬ ಹೆಸರು ಆಕೆಗೆ ಅಂಟಿಕೊಂಡಿತ್ತು. ಸ್ವಭಾವದಲ್ಲಿ ಮಾತ್ರ ಬಾಣದ ಮೊನಚಿರಲಿಲ್ಲ. ಓಣಿಯಂಥ ನಮ್ಮ ಕಚೇರಿಯ ಹಜಾರದಲ್ಲಿ ಗೋಡೆಯ ಬದಿ ಹಿಡಿದು, ಎದುರಾದವರಿಗೆಲ್ಲ ದಾರಿ ಬಿಟ್ಟು ನಡೆಯುವವರು. ಏನು ಹೇಳಹೋದರೂ “ಎಲ್ಲಿ, ತೋರ್ಸಿ” ಎನ್ನುವುದು ಆಕೆಯ ಚಾಳಿ. ‘ಉಳಿಸು’, ‘ಅಳಿಸು’ ಎಂಬೆರಡು ಗುಂಡಿಗಳನ್ನು ಪಕ್ಕಪಕ್ಕದಲ್ಲೇ ಇಟ್ಟ ಇಂಜಿನಿಯರನಿಗೆ, “ಅತ್ತೆ ಸೊಸೇನ ಒಂದೇ ಒಲೆ ಮುಂದೆ ನಿಲ್ಸಿದ್ದೀಯಲ್ಲಪ್ಪ” ಎಂದು ನಗಿಸಿ, ನಗುತ್ತಲೇ ಗುಂಡಿಗಳನ್ನು ದೂರ ಮಾಡಿಸಿದ್ದರು.

ನನಗೆ ತೀರದ ಕುತೂಹಲವಿದ್ದುದು ಆಕೆಯ ರೋಗಿಗಳ ಬಗ್ಗೆ. ಚಿತ್ರದಲ್ಲಿ ತೋರಿಸಲು ರೋಗಿಯ ವಿವರ ಬೇಕು, ನಿಜವಾದ ರೋಗಿಯದು ಕೂಡದು. ಹಾಗಾಗಿ ಉಳಿದವರು ತೋಚಿದ ಅಕ್ಷರಗಳನ್ನು ತುಂಬಿ ಕೈತೊಳೆದುಕೊಳ್ಳುತ್ತಿದ್ದ ಜಾಗದಲ್ಲಿ ಬಾಣದಮ್ಮ ಮನುಷ್ಯರನ್ನೇ ಸೃಷ್ಟಿಸುತ್ತಿದ್ದರು. ಮಂಡಿನೋವಿನ ಅಜ್ಜಿ, ಆಕೆಯನ್ನು ಕರೆತರುವ ಮುಂಗೋಪಿ ಅಳಿಯ, ಸಕ್ಕರೆ ಕಾಯಿಲೆಯನ್ನು ಹೆಂಡತಿಗೆ ಹೇಳದ ನಿವೃತ್ತ ಮೇಷ್ಟ್ರು. ಕೈಪಿಡಿ ಹೊಸ ಮುದ್ರಣ ಕಂಡಾಗಲೆಲ್ಲ ಅವರಿಗೂ ವಯಸ್ಸಾಗುತ್ತಿತ್ತು, ತೂಕ ಏರಿಳಿಯುತ್ತಿತ್ತು, ಔಷಧಿ ಬದಲಾಗುತ್ತಿತ್ತು. ಒಮ್ಮೆ ಯಾವುದೋ ಆಸ್ಪತ್ರೆಯ ನರ್ಸ್ ಒಬ್ಬರು ಫೋನಿನಲ್ಲಿ ತಮ್ಮ ಸಂದೇಹ ಬಗೆಹರಿದ ಮೇಲೆ, “ಅಂದ ಹಾಗೆ, ನಿಮ್ಮ ಅಜ್ಜಿ ಮಂಡಿ ಈಗ ಹೇಗಿದೆ?” ಎಂದು ಕೇಳಿದರಂತೆ. “ಪರವಾಗಿಲ್ಲ ಕಣಮ್ಮ, ಕೋಲು ಹಿಡ್ಕೊಂಡು ಓಡಾಡ್ತಾರೆ” ಎಂದು ಬಾಣದಮ್ಮ ಉತ್ತರಿಸಿದ್ದನ್ನು ನಾನೇ ಕೇಳಿದ್ದೇನೆ. ಮುಖದಲ್ಲಿ ನಗುವಿನ ಎಳೆಯೂ ಇರಲಿಲ್ಲ.

ಇಷ್ಟೊಂದು ಆಸ್ಥೆ ಏತಕ್ಕೆಂದು ತಿಳಿದದ್ದು ಆಕೆ ತಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ರಜೆಯ ಮೇಲೆ ಹೋಗಿ ಬಂದ ದಿನ. ಗಡುವಿನ ಅವಸರದಲ್ಲಿ ನಮ್ಮ ಮ್ಯಾನೇಜರ್, ಊರಿನ ದೊಡ್ಡ ಆಸ್ಪತ್ರೆಯ ಕಂಪ್ಯೂಟರಿನಿಂದಲೇ ಒಂದು ಚಿತ್ರ ತರಿಸಿ, ರೋಗಿಯ ಹೆಸರಿನ ಮೇಲೆ ಕಪ್ಪುಪಟ್ಟಿ ಎಳೆದು ಅಚ್ಚಿಗೆ ಕಳಿಸಿಬಿಟ್ಟಿದ್ದರು. ಪುಸ್ತಕದ ಕಟ್ಟುಗಳು ಸ್ವಾಗತದ ಮೇಜಿನ ಬಳಿ ಬಂದು ಬಿದ್ದಿದ್ದವು. ನಿಂತಲ್ಲೇ ಒಂದನ್ನು ತೆರೆದ ಬಾಣದಮ್ಮನ ಮುಖ ಬಿಗಿದುಕೊಂಡಿತು.

“ಇದು ನನ್ನ ರೋಗಿ ಅಲ್ಲ.”

“ಹೆಸರು ಮುಚ್ಚಿದೀವಲ್ಲ ಮೇಡಂ” ಎಂದರು ಮ್ಯಾನೇಜರ್.

“ವಯಸ್ಸಿದೆ, ಬೀದಿ ಇದೆ, ಕೆಲಸ ಇದೆ, ಸೇರಿದ ದಿನ ಇದೆ. ಗೊತ್ತಿದ್ದೋರಿಗೆ ಇನ್ನೇನು ಬೇಕು?”

“ಯಾರು ಅಷ್ಟು ಕೂತ್ಕೊಂಡು ನೋಡ್ತಾರೆ, ಬಿಡಿ.”

ಆಗ ಮೇಜಿನ ಹಿಂದೆ ಕೂತಿದ್ದ, ಬೆಳಿಗ್ಗೆ ಕಟ್ಟು ಬಿಚ್ಚಿದ್ದ ಸ್ವಾಗತಕಾರಿಣಿ ತಲೆಯೆತ್ತದೆ ಹೇಳಿದಳು: “ಅದು ನಮ್ಮತ್ತಿಗೆ.”

ಆಸ್ಪತ್ರೆ ಸೇರಿದ ಆ ದಿನಗಳಲ್ಲಿ ಅತ್ತಿಗೆ ಕೆಲಸದ ತರಬೇತಿಗೆಂದು ಮನೆಯಲ್ಲಿ ಹೇಳಿ ಹೊರಟಿದ್ದರಂತೆ. ಚಿತ್ರದಲ್ಲಿದ್ದದ್ದು ಮಾನಸಿಕ ಚಿಕಿತ್ಸೆಯ ವಿಭಾಗ. ಬಾಣದಮ್ಮ ಪುಸ್ತಕ ಮುಚ್ಚಿ, ಕುರ್ಚಿ ಎಳೆದು ಅವಳ ಪಕ್ಕ ಕೂತರು.

“ಅವರಾಗೇ ಹೇಳೋವರೆಗೂ ನಿನಗಿದು ಗೊತ್ತಿಲ್ಲ ಕಣೆ. ಮುಖದಲ್ಲೂ ಗೊತ್ತಾಗ್ಬಾರ್ದು. ಆಗುತ್ತಾ?”

“ನೋಡ್ತೀನಿ ಅಮ್ಮ” ಎಂದಳು ಅವಳು, ಕಣ್ಣು ತುಂಬಿತ್ತು.

ಕಟ್ಟುಗಳು ಹೊಸ್ತಿಲು ದಾಟಲಿಲ್ಲ. ಮ್ಯಾನೇಜರ್ ತಾವೇ ತೋಳು ಮಡಿಸಿ, ನಮ್ಮೊಂದಿಗೆ ಕೂತು ಆ ಪುಟವನ್ನು ಪ್ರತಿಯೊಂದು ಪುಸ್ತಕದಿಂದಲೂ ಕಿತ್ತರು. ಅದರ ಜಾಗಕ್ಕೆ ಅಂಟಿಸಿದ ಹೊಸ ಪುಟದಲ್ಲಿ ಬಾಣದಮ್ಮನ ನಿವೃತ್ತ ಮೇಷ್ಟ್ರು ಬಂದರು. ಎಷ್ಟೋ ತಿಂಗಳ ಮೇಲೆ ಅತ್ತಿಗೆ ತಾವಾಗಿ ನಾದಿನಿಯ ಮುಂದೆ ಮನಸ್ಸು ಬಿಚ್ಚಿದರಂತೆ. “ಮೊದಲ ಸಲ ಕೇಳ್ದೋಳ ಹಾಗೇ ಕೇಳ್ದೆ” ಎಂದು ಅವಳು ಬಂದು ಹೇಳಿದಾಗ ಬಾಣದಮ್ಮ ಅವಳ ಬೆನ್ನು ಸವರಿ, ತಮ್ಮ ಕೆಲಸಕ್ಕೆ ಮರಳಿದರು.

ಕೈಪಿಡಿಯ ಚಿತ್ರವನ್ನು ಜನ ನೋಡುವುದು ದಿಕ್ಕು ತೋಚದಾದಾಗ; ದಿಕ್ಕು ಸಿಕ್ಕೊಡನೆ ಪುಟ ಮಗುಚುತ್ತಾರೆ, ತೋರಿಸಿದವರು ಯಾರೆಂದು ಕೇಳುವುದಿಲ್ಲ. ಅದರಿಂದ ನೊಂದುಕೊಳ್ಳದ ಒಂದು ಬಗೆಯ ಜನ ಲೋಕದಲ್ಲಿದ್ದಾರೆ. ಗುರುತು ಪರಿಚಯವಿಲ್ಲದವರನ್ನು ಕೈಹಿಡಿದು ಗುರಿ ಮುಟ್ಟಿಸುತ್ತಾರೆ. ಹಾಗೆ ಕರೆದೊಯ್ಯುವಾಗ ದಾರಿಯಲ್ಲಿ ಯಾರೊಬ್ಬರ ಅಂಗಳವನ್ನೂ ತುಳಿಸುವುದಿಲ್ಲ.